ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದವರು

ಅವರ ಅಂಗಿಯ ಎದೆಯ ಮೇಲೆ, ಎರಡನೇ ಗುಂಡಿಯ ಆಸುಪಾಸಿನಲ್ಲಿ, ಸದಾ ಒಂದಿಷ್ಟು ಸುಣ್ಣ ಮೆತ್ತಿಕೊಂಡಿರುತ್ತಿತ್ತು. ಕೆಲವು ದಿನ ಮೂಗಿನ ತುದಿಗೂ. ನಾನು ಹೊಲಿಗೆಯವಳು, ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಬಟ್ಟೆ ನೋಡುವುದು ನನಗೆ ಅಂಟಿದ ಚಾಳಿ. ಮೊದಲ ಸಲ ನೋಡಿದಾಗ, ಇವರು ಬಿಡುವಿನಲ್ಲಿ ಸುಣ್ಣ ಬಳಿಯುವ ಕೆಲಸಕ್ಕೂ ಹೋಗುತ್ತಾರೇನೋ ಅಂದುಕೊಂಡೆ. ಅಲ್ಲ, ಅವರು ನಮ್ಮ ಚಳ್ಳಕೆರೆಯ ಕೇಬಲ್ಲಿನವರು. ಮೊದಲು ಮನೆಮನೆಗೆ ಟೀವಿಯ ಕೇಬಲ್ಲು ಎಳೆದು, ಆಮೇಲೆ ಅದೇ ಕಂಬಗಳ ಮೇಲೆ ಇಂಟರ್‌ನೆಟ್ಟಿನ ತಂತಿ ಎಳೆದವರು. ಬೀದಿಯವರೆಲ್ಲ ಕೇಬಲಣ್ಣ ಅನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಸುಣ್ಣದ ಗುಟ್ಟು ಗೊತ್ತಾದದ್ದು ನಮ್ಮ ಮನೆಗೆ ವೈಫೈ ಹಾಕಿದ ದಿನ. ಎಲ್ಲ ಜೋಡಿಸಿ ಮುಗಿಸಿ, "ಪಾಸ್‌ವರ್ಡ್ ಹಾಕು ತಂಗೆಮ್ಮ" ಅಂತ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ತಾವು ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಸುಮ್ಮನೆ ಬೆನ್ನು ತಿರುಗಿಸುವುದಲ್ಲ, ಎದೆಯೂ ಮೂಗೂ ಗೋಡೆಗೆ ತಾಗುವಷ್ಟು ಹತ್ತಿರ. ಮೇಷ್ಟ್ರು ಶಿಕ್ಷೆ ಕೊಟ್ಟು ನಿಲ್ಲಿಸಿದ ಹಾಗೆ ಕಾಣುತ್ತಿದ್ದರು. ನನಗೆ ನಗು ತಡೆಯಲಿಲ್ಲ.

"ಅಣ್ಣಾ, ವೈಫೈ ಪೆಟ್ಟಿಗೆ ಹಾಕಿದೋರು ನೀವು. ನೀವು ನೋಡಿದ್ರೆ ಏನಾಗ್ತೈತ್ರಿ?"

"ದಿನಾ ಹತ್ತು ಮನೆ ಒಳಗೆ ಹೋಗೋನು ನಾನು. ಒಂದು ಮನೇಲಿ ನೋಡಿದ್ರೆ ಎಲ್ಲಾ ಮನೇಲೂ ನೋಡ್ಬೇಕು ಅನ್ಸುತ್ತೆ. ನೀನು ಹಾಕಮ್ಮ, ಮುಗಿದ್ಮೇಲೆ ಕೂಗು."

ನಾನು ಬೇಕಂತಲೇ ತಡ ಮಾಡಿದೆ. ಅವರು ಅಲುಗದೆ ನಿಂತೇ ಇದ್ದರು. ನಮ್ಮದು ಹಳೇ ಮನೆ, ಗೋಡೆಗೆ ಸುಣ್ಣ ಬಿಟ್ಟರೆ ಬೇರೆ ಬಣ್ಣ ಕಂಡಿಲ್ಲ. ತಿರುಗಿದಾಗ ಎದೆಯ ಮೇಲೆ ಹೊಸ ಸುಣ್ಣದ ಮಚ್ಚೆ ಇತ್ತು. ಊರಿನ ಎಷ್ಟೋ ಹಳೇ ಮನೆಗಳ ಗೋಡೆ ಆ ಅಂಗಿಯ ಮೇಲೆ ಇತ್ತು ಅಂತ ಈಗ ಅನ್ನಿಸುತ್ತದೆ.

ಅವರು ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದವರು. ಮಾತು ಕನ್ನಡವೇ; ಆದರೆ ಏಣಿ ಜಾರಿದರೆ, ತಂತಿ ತುಂಡಾದರೆ, ಯಾರಾದರೂ ಬೈದರೆ, ಬಾಯಿಂದ ಬರುವುದು ಒಂದೇ ತೆಲುಗು ಮಾತು, "ಪರವಾಲೇದು." ಪರವಾಗಿಲ್ಲ ಅಂತ. ಕುದಾಪುರದ ಕಡೆ ದೊಡ್ಡ ದೊಡ್ಡ ಕ್ಯಾಂಪಸ್ಸುಗಳು ಏಳುತ್ತಿದ್ದಾಗ ಒಬ್ಬ ಕಂಟ್ರಾಕ್ಟರನ ಕೈಕೆಳಗೆ ತಂತಿ ಎಳೆಯುವ ಕೂಲಿಗೆ ಹೋಗಿದ್ದರಂತೆ. ಅಲ್ಲಿ ಎಂಜಿನಿಯರುಗಳ ಪಕ್ಕ ನಿಂತು ನೋಡಿ ನೋಡಿ ಕಲಿತದ್ದೇ ಅವರ ಇಂಟರ್‌ನೆಟ್ಟಿನ ವಿದ್ಯೆ. ನಮ್ಮ ಮನೆಗೆ ಬಂದರೆ ಚಪ್ಪಲಿಯನ್ನು ಬೀದಿಯ ಕಡೆ ಮುಖ ಮಾಡಿ ಬಿಡುವರು. ಕಾಫಿ ಕೊಟ್ಟರೆ ಬೇಡ ಅನ್ನುತ್ತಿರಲಿಲ್ಲ, ಕೂರಿ ಅಂದರೆ ಕೂರುತ್ತಿರಲಿಲ್ಲ. ಅವರ ಸಾಮಾನಿನ ಚೀಲ ಹರಿದಾಗ ನಾನೇ ಹಳೇ ಜೀನ್ಸ್ ಬಟ್ಟೆಯಲ್ಲಿ ಒಂದು ಚೀಲ ಹೊಲಿದುಕೊಟ್ಟಿದ್ದೆ, ಕಟಿಂಗ್ ಪ್ಲೇಯರಿಗೊಂದು, ಟೇಪಿಗೊಂದು ಅಂತ ಒಳಗೆ ಏಳು ಜೇಬು ಇಟ್ಟು. ಅದನ್ನು ಸಿಕ್ಕವರಿಗೆಲ್ಲ ತೆರೆದು ತೋರಿಸುತ್ತಿದ್ದರು.

ಇನ್ನು ನನ್ನ ತಪ್ಪುಗಳಿಗೆ ಬರುತ್ತೇನೆ. ಒಂದಲ್ಲ, ಸಾಲಾಗಿ ಇವೆ.

ನನ್ನ ಅಂಗಡಿ ಅಂದರೆ ನಮ್ಮ ಮನೆಯ ಮುಂದಿನ ಕೋಣೆ. ಕೊಂಡ್ಲಹಳ್ಳಿ, ಸಿದ್ದಾಪುರ, ಎಲ್ಲೆಲ್ಲಿಂದಲೋ ಹೆಂಗಸರು ಮದುವೆಯ ರೇಷ್ಮೆ ಸೀರೆ ಹಿಡಿದು ಬಸ್ಸಿನಲ್ಲಿ ಬರುತ್ತಾರೆ. ಇನ್ನೊಂದು ದಿನ ಬನ್ನಿ ಅಂದರೆ ಕೇಳುವುದಿಲ್ಲ. ರವಿಕೆ ಕೈಗೆ ಬರುವವರೆಗೆ ಸಂಜೆ ತನಕ ಅಲ್ಲೇ ಕೂರುತ್ತಾರೆ. ಹಾಗೆ ಕೂತವರಿಗೆ ಮೊದಲು ನೀರು, ಆಮೇಲೆ ವೈಫೈ. ಕೊಡುವುದಿಲ್ಲ ಅಂದರೆ ಬಾಯಾರಿದವರಿಗೆ ನೀರಿಲ್ಲ ಅಂದಷ್ಟೇ ಕೆಟ್ಟದ್ದು. ಮೆಷಿನ್ನು ನಿಲ್ಲಿಸಿ ನಿಲ್ಲಿಸಿ ಒಬ್ಬೊಬ್ಬರಿಗೂ ಹೇಳುವುದು ಸಾಕಾಗಿ, ಪಾಸ್‌ವರ್ಡನ್ನು ಕ್ಯಾಲೆಂಡರಿನ ಪಕ್ಕ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಬಿಟ್ಟೆ.

ಆಮೇಲೆ ಕ್ಯಾಮೆರಾ ಬಂತು. ಬೀರುವಿನಲ್ಲಿ ಇರುವುದೆಲ್ಲ ಪರರ ಸೀರೆ, ಒಂದು ಹೋದರೂ ಕಟ್ಟಿಕೊಡುವ ಶಕ್ತಿ ನಮಗಿಲ್ಲ ಅಂತ ನನ್ನ ಮೈದುನ ತಂದದ್ದು. ಅವನು ಊರಿನ ಒಂದು ಎಣ್ಣೆ ಮಿಲ್ಲಿನ ಆಫೀಸಿನಲ್ಲಿದ್ದಾನೆ. ಹೆಂಗಸರು ಬರುವ ಜಾಗ, ಆದ್ದರಿಂದ ಅದರ ಚಿತ್ರ ನನ್ನ ಫೋನಿಗೆ ಮಾತ್ರ ಬರಬೇಕು, ಮನೆಯ ಗಂಡಸರಿಗೂ ಬೇಡ ಅಂದೆ. ನನ್ನ ಯಜಮಾನರು ಬಸ್ ಕಂಡಕ್ಟರು, ಮನೆಯಲ್ಲಿರುವುದೇ ಕಡಿಮೆ, ಅವರು ಒಪ್ಪಿದರು. ಮೈದುನನೂ ಹೂಂ ಅಂದ. ಕೇಬಲಣ್ಣ ಅದನ್ನು ಬೀರುವಿನ ಕಡೆಗೆ ತಿರುಗಿಸಿ ಕೂರಿಸಿ, "ಇದಕ್ಕೆ ಬೇರೆ ಪಾಸ್‌ವರ್ಡ್ ಹಾಕು ತಂಗೆಮ್ಮ. ಗೋಡೆ ಮೇಲೆ ಬರ್ದಿರೋದು ಬ್ಯಾಡ" ಅಂದು ಗೋಡೆಯ ಹತ್ತಿರ ಹೋಗಿ ನಿಂತರು. ಎರಡೆರಡು ಯಾರು ನೆನಪಿಟ್ಟುಕೊಳ್ಳುತ್ತಾರೆ ಅಂತ ನಾನು ಗೋಡೆಯ ಮೇಲಿದ್ದದ್ದನ್ನೇ ಒತ್ತಿದೆ. ಅವರು ನೋಡಲಿಲ್ಲ. ನೋಡಿದ್ದರೆ ಬೈದು ಬದಲಾಯಿಸುತ್ತಿದ್ದರು. ಅದಾದ ಕೆಲವು ತಿಂಗಳಿಗೆ, ಬೆಳಕು ಚೆನ್ನಾಗಿದೆ ಅಂತ ಅಳತೆ ತೆಗೆಯುವ ಕನ್ನಡಿಯನ್ನು ನಾನೇ ಎಳೆದು ಬೀರುವಿನ ಪಕ್ಕಕ್ಕೆ ಇಟ್ಟೆ. ಕ್ಯಾಮೆರಾದ ನೆನಪೇ ಆಗಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಮನೆ ಮುಂದಿನ ಬೀದಿ ನಲ್ಲಿಯಲ್ಲಿ ನೀರು ಬಿಟ್ಟ ಹೊತ್ತು. ಬೀದಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ಕೊಂಡ್ಲಹಳ್ಳಿಯಿಂದ ಮೂವರು ಗಂಡಸರು ಬಂದರು, ಮುಂದೆ ಇದ್ದವನು ಹಿಂದಿನ ವಾರ ನನ್ನಲ್ಲಿ ಮದುವೆಯ ರವಿಕೆ ಹೊಲಿಸಲು ಬಂದಿದ್ದ ಒಬ್ಬ ಹುಡುಗಿಯ ಅಣ್ಣ. ಫೋನನ್ನು ನನ್ನ ಮುಖಕ್ಕೆ ಹಿಡಿದ. ಆ ಹುಡುಗಿ ಕನ್ನಡಿಯ ಮುಂದೆ ನಿಂತಿದ್ದಾಳೆ, ಸೆರಗು ಕುರ್ಚಿಯ ಮೇಲೆ ಬಿದ್ದಿದೆ, ಎರಡೂ ಕೈ ಮೇಲೆತ್ತಿದ್ದಾಳೆ, ನಾನು ಟೇಪು ಸುತ್ತುತ್ತಿದ್ದೇನೆ. ಮೈತುಂಬ ಬಟ್ಟೆ ಇತ್ತು. ಆದರೂ ಅದು ನನ್ನ ಕಣ್ಣಿಗೆ ಮಾತ್ರ ಬೀಳಬೇಕಾದ ನಿಲುವು.

"ಇದು ನಿಮ್ಮನೆ ಕ್ಯಾಮೆರಾದ್ದು. ಊರ್ ಗ್ರೂಪಿಗೆಲ್ಲಾ ಬಂದೈತೆ. ನಿಮ್ ನಂಬಿ ಹೆಣ್ಮಕ್ಳನ್ನ ಕಳಿಸ್ತೀವಲ್ಲಕ್ಕ, ಯಾರ ಕೈಗೆ ಕೊಟ್ಟಿದ್ರಿ ಇದನ್ನ?"

ನನ್ನ ಹಿಂದೆ ಬಾಗಿಲಲ್ಲಿ ಅತ್ತೆ, ಅವರ ಪಕ್ಕ ಮೈದುನ. ನನಗೆ ಗೋಡೆಯ ಮೇಲಿನ ಅಕ್ಷರ ನೆನಪಾಯಿತು. ಅದನ್ನು ಹೇಳಿದರೆ ನಾಳೆಯಿಂದ ಒಬ್ಬಳೂ ನನ್ನ ಹೊಸ್ತಿಲು ತುಳಿಯುವುದಿಲ್ಲ ಅನ್ನುವುದೂ ಹೊಳೆಯಿತು. ನಾನು ಹೇಳಿದ್ದು ಇಷ್ಟು:

"ಅದನ್ನ ಹಾಕಿದ್ದು ಕೇಬಲಣ್ಣ. ಅದರ ಪಾಸ್‌ವರ್ಡು, ಒಳಗು ಹೊರಗು, ಎಲ್ಲಾ ಗೊತ್ತಿರೋದು ಅವರೊಬ್ರಿಗೇ."

ಹೇಳುವಾಗ ಅವರ ಎದೆಯ ಸುಣ್ಣ ನನ್ನ ಕಣ್ಣಿನ ಮುಂದೆ ಇತ್ತು. ಗೊತ್ತಿಲ್ಲದೆ ಹೇಳಿದೆ ಅನ್ನಲು ನನಗೆ ದಾರಿಯಿಲ್ಲ.

ಆ ಮೂವರು ಅಲ್ಲಿಂದ ನೇರ ಅವರ ಮನೆಗೆ ಹೋದರು. ಏನೇನಾಯಿತೋ ನಾನು ನೋಡಲಿಲ್ಲ. ಮಾರನೇ ದಿನ ಹತ್ತು ಗಂಟೆಗೆ ಅವರು ನಮ್ಮ ಮನೆ ಮುಂದೆ ಮೊಪೆಡ್ ನಿಲ್ಲಿಸಿದಾಗ ಅಂಗಿಯ ಎರಡನೇ ಗುಂಡಿ ಇರಲಿಲ್ಲ. ಗುಂಡಿಯ ಜೊತೆ ಬಟ್ಟೆಯೂ ಚೂರು ಕಿತ್ತುಬಂದಿತ್ತು, ಯಾರೋ ಹಿಡಿದು ಎಳೆದಿದ್ದು. ಗುಂಡಿ ಹಚ್ಚುವುದು ನನಗೆ ಒಂದು ನಿಮಿಷದ ಕೆಲಸ. ಸೂಜಿ ಕೈಯಲ್ಲೇ ಇತ್ತು. ನಾನು ಏಳಲಿಲ್ಲ.

ನಾನು ಕರೆದಿರಲಿಲ್ಲ, ಅವರೇ ಬಂದದ್ದು. ಚೀಲದಿಂದ ಒಂದು ಹೊಸ ಪೆಟ್ಟಿಗೆ ತೆಗೆದರು. "ಇದು ಹಿಂಗೇ ಬಿಟ್ರೆ ಇನ್ನೊಬ್ಬ ಹೆಣ್ಮಗಳಿಗೆ ತೊಂದ್ರೆ ಆಗ್ತೈತೆ. ಮೂರು ಬೇರೆ ಬೇರೆ ಲೈನ್ ಮಾಡಿಕೊಡ್ತೀನಿ" ಅಂದರು. ಅದಕ್ಕೆ ವಿ-ಲ್ಯಾನ್ ಅನ್ನುತ್ತಾರಂತೆ. ಒಂದೇ ತಂತಿ ಮನೆಗೆ ಬರುತ್ತಲ್ಲ, ಮೂರು ಹೇಗಾಗುತ್ತೆ ಅಂದೆ, ಸಿಡುಕಿನಲ್ಲೇ. ಅವರು ನಾನು ಹೊಲಿದುಕೊಟ್ಟ ಚೀಲವನ್ನೇ ಅಗಲಿಸಿ ತೋರಿಸಿದರು.

"ಒಂದೇ ಬಟ್ಟೆ. ನಡುವೆ ನೀನು ಹೊಲಿಗೆ ಹಾಕಿದೀಯ. ಈ ಜೇಬಿಗೆ ಕೈ ಹಾಕಿದೋನಿಗೆ ಆ ಜೇಬಿನ ಸಾಮಾನು ಸಿಕ್ತೈತಾ? ಇಲ್ಲ. ಹೊರಗಿನಿಂದ ನೋಡೋರಿಗೆ ಒಂದೇ ಚೀಲ. ಇದೂ ಅಷ್ಟೇ."

ಮೂರಕ್ಕೂ ಅವರೇ ಹೆಸರಿಟ್ಟರು. ಕಾಯುವ ಹೆಂಗಸರಿಗೆ 'ಅಂಗಳ'. ಮನೆಯವರ ಫೋನುಗಳಿಗೆ 'ಅಡಿಗೆಮನೆ'. ಕ್ಯಾಮೆರಾಕ್ಕೆ 'ಬೀರು'. ಬೀರುವಿನ ಲೈನಿಗೆ ಹೊರಗಿನ ಇಂಟರ್‌ನೆಟ್ಟೇ ಇಲ್ಲ. ಅದರಲ್ಲಿ ಇರುವುದು ಕ್ಯಾಮೆರಾ ಮತ್ತು ಒಳಕೋಣೆಯಲ್ಲಿಡುವ ಒಂದು ಹಳೇ ಟ್ಯಾಬು ಮಾತ್ರ. ಅಂಗಳದಲ್ಲಿ ಕೂತವರಿಗೂ ಅಡಿಗೆಮನೆಯಲ್ಲಿ ಇರುವವರಿಗೂ ಬೀರು ಇದೆ ಅಂತಲೇ ಗೊತ್ತಾಗಬಾರದು. ಕೆಲಸದ ನಡುವೆ ಕನ್ನಡಿಯನ್ನೂ ಎತ್ತಿ ಹಳೇ ಜಾಗಕ್ಕೆ ಇಟ್ಟರು, ನನಗೆ ಒಂದು ಮಾತೂ ಅನ್ನದೆ.

ಹಳೇ ಪೆಟ್ಟಿಗೆ ಬಿಚ್ಚುವ ಮೊದಲು ಅದರೊಳಗೆ ಏನೋ ಪಟ್ಟಿ ನೋಡಿದರು. ಯಾವ ಯಾವ ಫೋನಿನಿಂದ ಕ್ಯಾಮೆರಾ ತೆರೆದು ನೋಡಿದ್ದರು ಅಂತ ಅದರಲ್ಲಿ ಸಿಗುತ್ತಂತೆ.

"ಮನೇಲಿ ಎಷ್ಟು ಫೋನವೆ ತಂಗೆಮ್ಮ?"

"ಮೂರು. ನಂದು, ನಮ್ಮನೆಯವರ್ದು, ಮೈದುನಂದು."

"ಯಾವ್ಯಾವ ಕಂಪನಿದು?"

ಹೇಳಿದೆ. ಅವರು ಪರದೆಯನ್ನು ಇನ್ನೊಮ್ಮೆ ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಒರೆಸುತ್ತಲೇ ಇದ್ದರು. ಆಮೇಲೆ ಲ್ಯಾಪ್‌ಟಾಪು ಮುಚ್ಚಿದರು.

"ಯಾರು ಅಂತ ಗೊತ್ತಾಯ್ತೇನ್ರಿ?" ಅಂದೆ.

"ಅದು ಬ್ಯಾಡ ತಂಗೆಮ್ಮ. ಇನ್ಮೇಲೆ ಯಾರಿಗೂ ಕಾಣಲ್ಲ. ಅಷ್ಟು ಸಾಕು."

"ಹೇಳೋಕೆ ಏನ್ ಕಷ್ಟ ನಿಮಗೆ? ನೀವೇ ಮಾಡಿದ್ರೆ ತಾನೆ ಹೇಳೋಕಾಗದೆ ಇರೋದು?"

ಅವರು ನನ್ನ ಮುಖ ನೋಡಿದರು. ಕೋಪ ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ಪರವಾಲೇದು" ಅಂದರು, ಅಷ್ಟೇ. ಮತ್ತೆ ಲ್ಯಾಪ್‌ಟಾಪು ತೆರೆದು ಹೊಸ ಪೆಟ್ಟಿಗೆಯ ಪುಟ ತಂದು ನನ್ನ ಕಡೆ ತಿರುಗಿಸಿದರು. "ಬೀರುವಿಂದು ಹಾಕು. ಮರೀಲಾರದ್ದು ಹಾಕು. ಗೋಡೆ ಮೇಲೆ ಬರೀಬ್ಯಾಡ." ಅಂದು, ಆ ಹರಿದ ಅಂಗಿಯಲ್ಲೇ, ಎಂದಿನಂತೆ ಗೋಡೆಗೆ ಮುಖ ಮಾಡಿ ನಿಂತರು. ನಾನು ಅವರ ಬೆನ್ನು ನೋಡುತ್ತಾ ಒಂದು ಪದ ಒತ್ತಿದೆ. ಏನು ಅಂತ ಕೊನೆಯಲ್ಲಿ ಹೇಳುತ್ತೇನೆ, ಈಗ ಬರೆಯಲು ಕೈ ಬರುತ್ತಿಲ್ಲ.

ಅಂದು ಸಂಜೆ ಮೈದುನ ಊಟಕ್ಕೆ ಕೂತು, "ಆ ಕಳ್ಳನ್ನ ಮತ್ತೆ ಯಾಕತ್ಗೆ ಒಳಗೆ ಬಿಟ್ರಿ?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಕ್ಯಾಮೆರಾನೂ ಬದಲಾಯಿಸಿದ್ನಾ?" ಅಂತಲೂ ಕೇಳಿದ. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆದಿತ್ತೋ ಏನೋ. ಸಾರು ಬಡಿಸುವ ಗಡಿಬಿಡಿಯಲ್ಲಿ ಅದನ್ನು ಅಲ್ಲೇ ಬಿಟ್ಟೆ. ಬೇಡದ್ದನ್ನು ಬಿಡುವುದು ನನಗೆ ಯಾವಾಗಲೂ ಸುಲಭ.

ಕೇಬಲಣ್ಣನಿಗೆ ಯಾರು ಮಾಡಿದ್ದು ಅಂತ ಗೊತ್ತು, ಆದರೆ ಬಾಯಿ ಬಿಡುತ್ತಿಲ್ಲ ಅನ್ನುವ ಸುದ್ದಿ ಬೀದಿಗೆ ಹೋಯಿತು. ಹೇಳಿದ್ದು ನಾನೇ. ಊರಬಾಯಿಗೆ ಅಷ್ಟು ಸಾಕಾಯಿತು. ಹೆಣ್ಣುಮಕ್ಕಳಿರುವ ಮನೆಗೆ ಅವನು ಬೇಡ ಅಂದರು ಒಬ್ಬರು, ಅವರನ್ನು ನೋಡಿ ಇನ್ನೊಬ್ಬರು. ಇಪ್ಪತ್ತು ವರ್ಷ ಎಳೆದ ತಂತಿಗಳನ್ನು ಅವರ ಕೈಯಿಂದಲೇ ಬಿಚ್ಚಿಸಿದರು. ಆ ವರ್ಷ ಮುಗಿಯುವುದರೊಳಗೆ ಅವರು ಹೆಂಡತಿಯನ್ನು ಕರೆದುಕೊಂಡು ಸಿದ್ದಾಪುರಕ್ಕೆ ವಾಪಸು ಹೋದರು. ಅಲ್ಲಿ ಇನ್ಯಾರದೋ ಕೈಕೆಳಗೆ, ಗುಡ್ಡದ ಬಂಡೆಗಳ ನಡುವೆ ಕಂಬದಿಂದ ಕಂಬಕ್ಕೆ ತಂತಿ ಎಳೆಯುವ ಕೆಲಸ. ನನ್ನ ಅಂಗಡಿಗೆ ಏನೂ ಆಗಲಿಲ್ಲ. ಕೊಂಡ್ಲಹಳ್ಳಿಯ ಆ ಹುಡುಗಿಯ ಮದುವೆಯೂ ಆಯಿತು, ನಾನು ಹೊಲಿದ ರವಿಕೆಯಲ್ಲಿ ಅಲ್ಲ.

ಮೈದುನ ಹೊಸ ಫೋನು ತೆಗೆದುಕೊಂಡಾಗ ಹಳೆಯದನ್ನು ನನಗೆ ಕೊಟ್ಟ, ರವಿಕೆಯ ಡಿಸೈನುಗಳ ಫೋಟೊ ಇಟ್ಟುಕೊಳ್ಳಲು. ಎಲ್ಲ ಅಳಿಸಿದ್ದೇನೆ ಅಂದಿದ್ದ. ಒಂದು ಮಧ್ಯಾಹ್ನ ಕತ್ತಿನ ಡಿಸೈನು ಹುಡುಕುತ್ತ ಹಳೇ ಸ್ಕ್ರೀನ್‌ಶಾಟುಗಳೊಳಗೆ ಹೋದೆ. ಕುರ್ಚಿಯ ಮೇಲೆ ಸೆರಗು, ಮೇಲೆತ್ತಿದ ಕೈ, ನನ್ನ ಟೇಪು. ಅದರ ಹಿಂದೆ ಮುಂದೆ ಇನ್ನೂ ಐದಾರು, ಬೇರೆ ಬೇರೆ ಹೆಂಗಸರದು. ಎಲ್ಲರ ಅಳತೆಯೂ ನನ್ನ ಪುಸ್ತಕದಲ್ಲಿದೆ.

ಆ ದಿನವೇ ಸಿದ್ದಾಪುರದ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಮೈದುನನಿಗೆ ಹೆಣ್ಣು ಗೊತ್ತಾಗಿತ್ತು. ಮದುವೆ ಮುಗಿಯಲಿ ಅಂದುಕೊಂಡೆ. ಮುಗಿಯಿತು. ಹೊಸ ಸೊಸೆ ಮನೆಗೆ ಹೊಂದಿಕೊಳ್ಳಲಿ ಅಂದುಕೊಂಡೆ. ಯುಗಾದಿ ಆಗಲಿ, ಬಿಸಿಲು ಇಳಿಯಲಿ. ಹೀಗೆ ದಿನ ಮುಂದೆ ಹಾಕುತ್ತ ಇದ್ದಾಗ, ಸೀರೆಗೆ ಕುಚ್ಚು ಕಟ್ಟಿಸಲು ಬಂದ ಸಿದ್ದಾಪುರದ ಹೆಂಗಸೊಬ್ಬಳು ಮಾತಿನ ನಡುವೆ ಹೇಳಿದಳು. ಕೇಬಲಣ್ಣ ಕಂಬದ ಬುಡದಲ್ಲಿ ತಂತಿ ಸುತ್ತುತ್ತಿದ್ದರಂತೆ. ಎದೆ ಹಿಡಿದುಕೊಂಡು ಬಂಡೆಗೆ ಒರಗಿ ಕೂತರಂತೆ. ಜೊತೆಗಿದ್ದವರು ನೀರು ತರುವಷ್ಟರಲ್ಲಿ ಮುಗಿದಿತ್ತಂತೆ. ಅದಾಗಿ ಹನ್ನೆರಡು ದಿನವಾಗಿತ್ತು.

ನಾನು ಹದಿಮೂರನೇ ದಿನ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದರು. ಪಕ್ಕದ ಗೂಟದಲ್ಲಿ ನಾನು ಹೊಲಿದ ಚೀಲ ನೇತುಹಾಕಿತ್ತು. ನಾನು ಯಾರು ಅಂತ ಹೇಳಿಕೊಂಡೆ. ಅವರು ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. ಕೂರಲು ನನಗೆ ಆಗಲಿಲ್ಲ. ನಿಂತೇ ಎಲ್ಲ ಹೇಳಿದೆ, ಗೋಡೆಯ ಮೇಲೆ ಬರೆದದ್ದು, ನಲ್ಲಿಯ ಹತ್ತಿರ ಅಂದದ್ದು, ಮೈದುನನ ಫೋನು. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಂಗೆ ಗೊತ್ತಮ್ಮ. ಅವತ್ತೇ ಸಂಜೆ ಬಂದು ಹೇಳಿದ್ರು, ಆಯಮ್ಮನ ಮೈದುನ ಅಂತ."

"ಮತ್ತೆ ಯಾಕ್ ಯಾರಿಗೂ ಹೇಳ್ಲಿಲ್ಲ?"

"ನಾನೂ ಕೇಳ್ದೆ. ಜಗಳಾನೂ ಆಡ್ದೆ. ಊರೆಲ್ಲಾ ಉಗೀತೈತೆ, ಹೇಳ್ಬಿಡ್ರಿ ಅಂದೆ. 'ನಾನು ಹೇಳಿ ಎದ್ದು ಬರ್ತೀನಿ ಕಣೇ, ಆ ತಂಗೆಮ್ಮ ಅದೇ ಮನೇಲಿ ಉಣ್ಬೇಕಲ್ಲ' ಅಂದ್ರು." ಒಂದು ಕಾಯಿ ಒಡೆದು ಬೀಜ ಮೊರಕ್ಕೆ ಹಾಕಿದರು. "'ಬೇರೆ ಊರಿಗೆ ಹೋದ್ರೆ ನಂಗೆ ಕೆಲ್ಸ ಸಿಕ್ತೈತೆ, ಆಯಮ್ಮಗೆ ಮನೆ ಸಿಕ್ತೈತಾ' ಅಂತಿದ್ರು."

ಅವರು ಅಳಲಿಲ್ಲ, ಅತ್ತದ್ದು ನಾನು. ಅವರೇ ಎದ್ದು ನೀರು ತಂದುಕೊಟ್ಟರು. ಅದನ್ನು ಕುಡಿಯಲು ನನಗೆ ಯಾವ ಹಕ್ಕಿತ್ತೋ ಗೊತ್ತಿಲ್ಲ, ಕುಡಿದೆ.

ಮನೆಗೆ ಬಂದು ಮೊದಲು ಯಜಮಾನರಿಗೆ ಹೇಳಿ ಆ ಫೋನು ಕೈಗೆ ಕೊಟ್ಟೆ. ಮಾರನೇ ಬೆಳಿಗ್ಗೆ ನಲ್ಲಿ ಬಿಟ್ಟ ಹೊತ್ತಿಗೆ ಅದೇ ಜಾಗದಲ್ಲಿ ನಿಂತು, ಅದೇ ಹೆಂಗಸರ ಮುಂದೆ, ಕೇಬಲಣ್ಣನದು ತಪ್ಪಿಲ್ಲ, ತಪ್ಪು ನಮ್ಮ ಮನೆಯದು, ಮೊದಲನೇ ತಪ್ಪು ನನ್ನದು ಅಂದೆ. ಅವರು ಕೊಡ ಎತ್ತಿಕೊಂಡು ಹೋದರು. ಫೋನಿನಲ್ಲಿದ್ದ ಆ ಐದಾರು ಹೆಂಗಸರ ಮನೆಗೂ ಹೋಗಿ ತಲೆ ತಗ್ಗಿಸಿ ಹೇಳಿ ಬಂದೆ. ಕೊಂಡ್ಲಹಳ್ಳಿಯ ಆ ಹುಡುಗಿಯ ಅಣ್ಣನಿಗೆ ಫೋನು ಮಾಡಿದೆ. ಅವನು, "ನಾನು ಅವರ ಕೊಳಪಟ್ಟಿ ಹಿಡಿದಿದ್ದೆನಕ್ಕ. ಈಗ ಹೇಳ್ತೀರಾ?" ಅಂದ. ಮೈದುನ ಹೆಂಡತಿಯನ್ನು ಕರೆದುಕೊಂಡು ಬೇರೆ ಬಾಡಿಗೆ ಮನೆ ಮಾಡಿದ್ದಾನೆ. ಅತ್ತೆ ನನ್ನ ಕೈಯ ಊಟ ಬಿಟ್ಟಿದ್ದಾರೆ. ಅಂಗಡಿಗೆ ಮೊದಲು ಬರುತ್ತಿದ್ದವರಲ್ಲಿ ಅರ್ಧ ಜನ ಬರುತ್ತಿಲ್ಲ. ಕೇಬಲಣ್ಣ ಹೇಳಿದ್ದೆಲ್ಲ ಸರಿಯೇ, ಈ ಮನೆಯಲ್ಲಿ ಉಣ್ಣುವುದು ಈಗ ಕಷ್ಟ. ಆದರೂ ಅದನ್ನು ಅವತ್ತೇ ನಾನು ಉಣ್ಣಬೇಕಿತ್ತು.

ಅವರು ಕಟ್ಟಿದ ಮೂರು ಲೈನು ಇಂದಿಗೂ ಒಂದು ದಿನವೂ ಕೈಕೊಟ್ಟಿಲ್ಲ. ಅಂಗಳದಲ್ಲಿ ಕೂತವರು ಅಂಗಳದಲ್ಲೇ ಇರುತ್ತಾರೆ. ಕರೆಂಟು ಹೋಗಿ ಬಂದಾಗ ಮಾತ್ರ ಒಳಕೋಣೆಯ ಹಳೇ ಟ್ಯಾಬು ಬೀರುವಿನ ಪಾಸ್‌ವರ್ಡು ಕೇಳುತ್ತದೆ. ನಮ್ಮೂರಲ್ಲಿ ಕರೆಂಟು ದಿನಕ್ಕೆ ಎರಡು ಸಲವಾದರೂ ಹೋಗುತ್ತದೆ.

ಅಂದು ಅವರ ಬೆನ್ನು ನೋಡುತ್ತಾ ನಾನು ಒತ್ತಿದ್ದು 'ಕೇಬಲ್‌ಕಳ್ಳ' ಅಂತ.

ಪೆಟ್ಟಿಗೆಯ ಪುಟದಲ್ಲಿ ಕಣ್ಣಿನ ಗುರುತು ಒತ್ತಿದರೆ ಪಾಸ್‌ವರ್ಡು ಕಾಣುತ್ತದೆ ಅಂತ ಈಚೆಗೆ ಯಾರೋ ಹೇಳಿದರು. ಆ ದಿನ ಲ್ಯಾಪ್‌ಟಾಪು ಮುಚ್ಚುವ ಮೊದಲು ಅವರು ಒತ್ತಿರಬಹುದೇ ಅಂತ ಯೋಚಿಸುತ್ತೇನೆ. ಒತ್ತಿರಲಿಕ್ಕಿಲ್ಲ. ಹೊಸಬರನ್ನು ಯಾರನ್ನಾದರೂ ಕರೆಸಿದರೆ ಆ ಪದ ಬದಲಾಯಿಸುವುದು ಐದು ನಿಮಿಷದ ಕೆಲಸವಂತೆ. ನಾನು ಕರೆಸಿಲ್ಲ. ಮರೆಯಲಾರದ್ದು ಹಾಕು ಅಂದಿದ್ದರು. ದಿನಕ್ಕೆ ಎರಡು ಸಲ, ಒಂದೊಂದೇ ಅಕ್ಷರ, ಈಗಲೂ ನಾನೇ ಒತ್ತುತ್ತೇನೆ.